ಹಂಗಿಲ್ಲದ ನೆನಹು



ದತ್ತಿ ಉಪನ್ಯಾಸ ಕೊಡುವವನಿಗೆ ಒಂದು ಅನುಕೂಲವಿದೆ. ವಿಷಯ ಯಾವುದೇ ಇರಲಿ, ಮೊದಲ ಮಾತಿಗಾಗಿ ಅವನು ತಡಕಾಡಬೇಕಿಲ್ಲ. ದತ್ತಿ ಇಟ್ಟವರನ್ನು ನೆನೆದು ಶುರು ಮಾಡುವುದು ರೂಢಿ. ಇವತ್ತು ಆ ರೂಢಿಯೇ ನನ್ನ ವಿಷಯವೂ ಆಗಿದೆ. ತಾಯಿಯ ಹೆಸರಿನಲ್ಲಿ ಈ ದತ್ತಿ ಇಟ್ಟ ಮಕ್ಕಳು ನನ್ನನ್ನು ಕರೆಯಲು ಬಂದಾಗ ಹೇಳಿದ್ದು ಇಷ್ಟೇ: “ಅಮ್ಮನಿಗೆ ಓದು ಬರ್ತಿರಲಿಲ್ಲ ಸಾರ್, ನಮ್ಮನ್ನ ಓದಿಸಿದಳು. ಅವಳ ಹೆಸರಲ್ಲಿ ವರ್ಷಕ್ಕೊಂದು ದಿನ ನಾಲ್ಕು ಜನ ಕೂತು ಒಳ್ಳೆ ಮಾತು ಕೇಳಲಿ ಅಂತ.” ಬ್ಯಾಂಕಿನಲ್ಲಿಟ್ಟ ಮೂಲಧನವನ್ನು ಯಾರೂ ಮುಟ್ಟುವುದಿಲ್ಲ, ಅದರ ಬಡ್ಡಿಯಲ್ಲಿ ವರ್ಷ ವರ್ಷವೂ ಹೀಗೊಂದು ಸಭೆ ಸೇರುತ್ತದೆ. ಪಡೆದ ಉಪಕಾರದ ನೆನಪೂ ಇಂಥದೇ ಒಂದು ಠೇವಣಿ. ಅದರ ಬಡ್ಡಿ ಮನಸ್ಸಿನ ಆರೋಗ್ಯಕ್ಕೆ ಎಷ್ಟು ಒದಗುತ್ತದೆ, ಎಲ್ಲಿ ಒದಗುವುದಿಲ್ಲ ಎಂದು ಲೆಕ್ಕ ಹಾಕಿ ನೋಡುವುದು ಇವತ್ತಿನ ಕೆಲಸ.

ನಾನು ಕಾಲೇಜಿನಲ್ಲಿ ಮನೋವಿಜ್ಞಾನ ಪಾಠ ಹೇಳಿದವನು, ವೈದ್ಯನಲ್ಲ. ಈ ಮಾತನ್ನು ಮೊದಲೇ ಹೇಳಲು ಕಾರಣವಿದೆ. ದಿನಾ ಬೆಳಗ್ಗೆ ನನ್ನ ಫೋನಿಗೆ ಸೂರ್ಯೋದಯದ ಚಿತ್ರವೊಂದು ಬರುತ್ತದೆ. “ಇರುವುದಕ್ಕೆ ಕೃತಜ್ಞರಾಗಿರಿ, ಚಿಂತೆ ತಾನಾಗಿ ಓಡುತ್ತದೆ” ಎಂದು ಅದರ ಮೇಲೆ ಬರೆದಿರುತ್ತದೆ. ನಿಮಗೂ ಬರುತ್ತಿರಬೇಕು. ಅದು ಅರ್ಧ ನಿಜ, ಅರ್ಧ ಅಪಾಯ. ನಾನು ಇವತ್ತು ಹೇಳಲು ಬಂದದ್ದನ್ನು ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ: ಕೃತಜ್ಞತೆ ನೆನಪಾಗಿ ಒಳಗಿನಿಂದ ಬಂದಾಗ ಮನಸ್ಸಿಗೆ ಮದ್ದು, ಹಂಗಾಗಿ ಹೊರಗಿನಿಂದ ಹೇರಿದಾಗ ಅದೇ ಮನಸ್ಸಿಗೆ ಭಾರ.

1. ಉಪ್ಪಿಟ್ಟವರನ್ನು ನೆನೆ

ಪದಗಳಿಂದ ಶುರು ಮಾಡೋಣ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ತನಗಾಗಿ ಬೇರೆಯವರು ಮಾಡಿದ್ದನ್ನು ಬಲ್ಲವನು ಕೃತಜ್ಞ. ಕೈಮುಗಿಯುವುದು, ತಲೆಬಾಗುವುದು, ಕಣ್ಣು ತುಂಬಿಕೊಳ್ಳುವುದು ಯಾವುದೂ ಈ ಪದದೊಳಗಿಲ್ಲ. ಇರುವುದು ಬರೀ ತಿಳಿವಳಿಕೆ. ಅದರ ಎದುರು ಪದ ಕೃತಘ್ನ, ಎಂದರೆ ಮಾಡಿದ್ದನ್ನು ಕೊಂದವನು. ಮರೆವಿಗೆ ಕೊಲೆಯ ಹೆಸರಿಟ್ಟಿರುವುದನ್ನು ನೋಡಿದರೆ, ಹಿಂದಿನವರಿಗೆ ಇದು ಸಣ್ಣ ವಿಷಯವಾಗಿರಲಿಲ್ಲ ಎಂದು ತಿಳಿಯುತ್ತದೆ.

‘ಧನ್ಯವಾದ’ ಎಂಬ ಮಾತು ವೇದಿಕೆಯದು, ಪತ್ರದ್ದು. ನಮ್ಮ ಅಜ್ಜಿ ಅದನ್ನು ಬದುಕಿನಲ್ಲಿ ಒಮ್ಮೆಯೂ ಆಡಿದ್ದನ್ನು ನಾನು ಕೇಳಿಲ್ಲ. ಬಿಸಿಲಲ್ಲಿ ಬಂದವಳಿಗೆ ಯಾರಾದರೂ ಮಜ್ಜಿಗೆ ಕೊಟ್ಟರೆ “ನಿನ್ನ ಹೊಟ್ಟೆ ತಣ್ಣಗಿರಲಿ” ಅನ್ನುತ್ತಿದ್ದಳು. ಬಸ್ಸಿನಲ್ಲಿ ಜಾಗ ಬಿಟ್ಟ ಹುಡುಗನಿಗೆ “ನೂರ್ಕಾಲ ಬಾಳು ಮಗ” ಅನ್ನುತ್ತಿದ್ದಳು. ಅವಳ ಮಾತಿನಲ್ಲಿ ಅವಳಿಗೆ ಏನನ್ನಿಸಿತು ಎಂಬುದರ ಸುದ್ದಿಯೇ ಇರುತ್ತಿರಲಿಲ್ಲ. ಇದ್ದದ್ದು ಕೊಟ್ಟವನ ಹೊಟ್ಟೆ, ಕೊಟ್ಟವನ ಆಯಸ್ಸು. ಬೀಸುವ ಪದಗಳನ್ನು ಹಾಡುತ್ತಿದ್ದ ಹೆಣ್ಣುಮಕ್ಕಳು ಹಿಟ್ಟಾದ ಮೇಲೆ ರಾಗಿ ಕಲ್ಲನ್ನೂ ಹರಸಿ ಏಳುತ್ತಿದ್ದರು. ಕಲ್ಲಿಗೆ ಕಿವಿಯಿಲ್ಲ, ಹರಸಿದವಳ ಮನಸ್ಸಿಗೆ ಇತ್ತು.

ಇನ್ನೆರಡು ಮಾತುಗಳು ಋಣ ಮತ್ತು ಹಂಗು. ಋಣ ಲೆಕ್ಕದ ಪದ. ಅನ್ನದ ಋಣ, ಮಣ್ಣಿನ ಋಣ, ತಾಯಿಯ ಋಣ ಅನ್ನುತ್ತೇವೆ. ಊರು ಬಿಟ್ಟು ಹೋಗುವಾಗ “ಇಲ್ಲಿನ ನೀರಿನ ಋಣ ತೀರಿತು” ಅನ್ನುತ್ತೇವೆ. ಹಂಗು ಅದಕ್ಕಿಂತ ಒರಟು. ಕೊಟ್ಟವನ ಮುಖ ನೋಡಿದಾಗಲೆಲ್ಲ ಚುಚ್ಚುವುದು ಹಂಗು. “ನನಗೆ ಯಾರ ಹಂಗೂ ಇಲ್ಲ” ಎಂದು ಎದೆ ತಟ್ಟಿಕೊಳ್ಳುವಷ್ಟು ಅದು ನಮಗೆ ಬೇಡದ ವಸ್ತು. ಒಂದೇ ಉಪಕಾರ ಒಬ್ಬನಲ್ಲಿ ನೆನಪಾಗುತ್ತದೆ, ಇನ್ನೊಬ್ಬನಲ್ಲಿ ಹಂಗಾಗುತ್ತದೆ. ಈ ಭೇದವನ್ನು ಬಿಟ್ಟು ಕೃತಜ್ಞತೆಯ ಮಾತಾಡಿದರೆ ಕನ್ನಡದ ಕಿವಿಗೆ ಅದು ಹುಸಿಯಾಗಿ ಕೇಳುತ್ತದೆ.

ಕೊನೆಯದು ‘ನೆನೆ’. “ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ” ಎಂಬ ಗಾದೆಯನ್ನು ಮತ್ತೊಮ್ಮೆ ಕೇಳಿ ನೋಡಿ. ತೀರಿಸು ಎಂದು ಅದು ಹೇಳುವುದಿಲ್ಲ, ನೆನೆ ಎನ್ನುತ್ತದೆ. ಉಪ್ಪಿನ ಬೆಲೆ ಎಷ್ಟು? ತೀರಿಸಬೇಕೆಂದರೆ ಒಂದು ಹಿಡಿ ಉಪ್ಪು ವಾಪಸು ಕೊಟ್ಟರೆ ಮುಗಿಯಿತು. ನೆನೆಯುವುದಕ್ಕೆ ಮಾತ್ರ ಆಯುಷ್ಯ ಪೂರ್ತಿ ಬೇಕು. ಇದೇ ‘ನೆನೆ’ಗೆ ನಮ್ಮಲ್ಲಿ ಎರಡನೆಯ ಅರ್ಥವೂ ಇದೆ: ಮಳೆಯಲ್ಲಿ ನೆನೆಯುವುದು, ಕಾಳು ನೆನೆಯುವುದು. ರಾತ್ರಿ ನೀರಿಗೆ ಹಾಕಿದ ಹೆಸರುಕಾಳು ಬೆಳಗಿನ ಹೊತ್ತಿಗೆ ಉಬ್ಬಿ, ಮಾರನೆಯ ದಿನ ಮೊಳಕೆ ಒಡೆಯುತ್ತದೆ. ಮೇಲೆ ನಾಲ್ಕು ಹನಿ ಚಿಮುಕಿಸಿದರೆ ಆಗುವುದಿಲ್ಲ. ಎರಡು ಅರ್ಥಗಳ ಬೇರು ಒಂದೋ ಬೇರೆ ಬೇರೆಯೋ, ಅದನ್ನು ನಿಘಂಟುಕಾರರಿಗೆ ಬಿಡೋಣ. ಮನಸ್ಸಿನ ವಿಷಯದಲ್ಲಂತೂ ಎರಡೂ ಒಂದೇ ಎಂದು ಮುಂದೆ ಹೇಳುವ ಪ್ರಯೋಗಗಳು ತೋರಿಸುತ್ತವೆ.

2. ಆತಕೂರಿನ ನಾಯಿ

ಅದಕ್ಕೂ ಮೊದಲು ಒಂದು ಕಲ್ಲಿನ ಕಥೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿ ಒಂದು ನಾಯಿ ಮತ್ತು ಒಂದು ಕಾಡುಹಂದಿ ಸೆಣಸುತ್ತಿರುವ ಕಲ್ಲನ್ನು ನೋಡಿರಬಹುದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಕಲ್ಲು ಅದು, ಕಾಲ ಕ್ರಿ.ಶ. 949–50. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದಾಗ ಅವನ ಕಡೆ ಗಂಗರ ಬೂತುಗನಿದ್ದ. ಬೂತುಗನ ಕೈಕೆಳಗೆ ಮಣಲೆರ ಎಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿ ಬೂತುಗ “ಏನು ಬೇಕೋ ಕೇಳು” ಎಂದಾಗ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟ.

ಶಾಸನದ ಕೊನೆಗೆ ಒಂದು ಕಟ್ಟಳೆ ಇದೆ. ಗುಡಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ. ಊಟಕ್ಕೆ ಮುಂಚೆ ಒಂದು ನಾಯಿಯನ್ನು ನೆನೆಯಬೇಕು, ದಿನಾ. ಸಾವಿರದ ಎಪ್ಪತ್ತು ವರ್ಷಗಳಾಚೆ ಕನ್ನಡ ನೆಲದಲ್ಲಿ ಬರೆದಿಟ್ಟ ‘ಕೃತಜ್ಞತೆಯ ಅಭ್ಯಾಸ’ ಇದು ಎಂದು ನಾನು ವಿದ್ಯಾರ್ಥಿಗಳಿಗೆ ತಮಾಷೆಗೆ ಹೇಳುತ್ತಿದ್ದೆ.

ತಮಾಷೆಯ ಹಿಂದೆ ಎರಡು ಗಟ್ಟಿ ವಿಷಯಗಳಿವೆ. ಒಂದು, ಮಣಲೆರನ ನೆನಪು ಖಚಿತವಾದದ್ದು. ಲೋಕದ ಸಮಸ್ತ ಪ್ರಾಣಿಗಳಿಗೆ ಅವನು ನಮಿಸಲಿಲ್ಲ. ಹೆಸರಿದ್ದ ಒಂದು ನಾಯಿಯನ್ನು, ಅದು ಮಾಡಿದ ಒಂದು ಕೆಲಸವನ್ನು, ಆ ಕೆಲಸ ನಡೆದ ಜಾಗವನ್ನು ಕೆತ್ತಿಸಿದ. ಎರಡು, ಅವನು ಕಲ್ಲಿನ ಜೊತೆಗೆ ಹೊಲವನ್ನೂ ಕೊಟ್ಟ. ಯುದ್ಧದಲ್ಲಿ, ಊರಿನ ದನ ಬಿಡಿಸುವ ತುರುಗೋಳಿನಲ್ಲಿ ಸತ್ತವರ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರೇ ಇತ್ತು. ಬರೀ ಹೊಗಳಿ ಕಳಿಸುವುದು ಸಾಲದು ಎಂದು ಆ ಕಾಲಕ್ಕೂ ಗೊತ್ತಿತ್ತು. ಈ ಎರಡನೆಯ ಮಾತಿಗೆ ಆಮೇಲೆ ಬರುತ್ತೇನೆ.

3. ಹಾಳೆಯ ಮೇಲೆ ಐದು ಸಾಲು

ಈಗ ಪ್ರಯೋಗಶಾಲೆಗೆ ಹೋಗೋಣ. ಮನೋವಿಜ್ಞಾನ ಬಹಳ ಕಾಲ ರೋಗವನ್ನೇ ಓದಿತು. ಕೃತಜ್ಞತೆಯಂಥ ವಿಷಯ ಅದರ ಕಣ್ಣಿಗೆ ಬಿದ್ದದ್ದು ತಡವಾಗಿ. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನ ದಾರಿ ತೆರೆಯಿತು. ಅವರು ಸುಮಾರು 200 ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, 10 ವಾರ, ವಾರಕ್ಕೊಮ್ಮೆ ಬರೆಯಲು ಹೇಳಿದರು. ಮೊದಲ ಗುಂಪು ಆ ವಾರ ಉಪಕಾರವೆನಿಸಿದ ಐದರವರೆಗಿನ ಸಂಗತಿಗಳನ್ನು ಬರೆಯಬೇಕು, ಎರಡನೆಯದು ಕಿರಿಕಿರಿಗಳನ್ನು, ಮೂರನೆಯದು ಸುಮ್ಮನೆ ನಡೆದದ್ದನ್ನು. ಕೊನೆಗೆ ನೋಡಿದರೆ ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು, ಬರುವ ವಾರದ ಬಗ್ಗೆ ಹೆಚ್ಚು ಭರವಸೆಯಿಂದಿದ್ದರು. ಮೈಕೈ ನೋವಿನ ದೂರು ಕಡಿಮೆಯಾಗಿತ್ತು, ವ್ಯಾಯಾಮ ಹೆಚ್ಚಾಗಿತ್ತು.

ಎರಡು ವರ್ಷಗಳ ನಂತರ, 2005ರಲ್ಲಿ, ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು ಎರಡು ಅಭ್ಯಾಸಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಒಂದು, ಸರಿಯಾಗಿ ಕೃತಜ್ಞತೆ ಹೇಳದೆ ಉಳಿದ ಯಾರಿಗಾದರೂ ಪತ್ರ ಬರೆದು, ಅವರ ಮನೆಗೇ ಹೋಗಿ ಓದಿ ಹೇಳುವುದು. ಇನ್ನೊಂದು, ಒಂದು ವಾರ ದಿನಾ ರಾತ್ರಿ ಅಂದು ನಡೆದ ಮೂರು ಒಳ್ಳೆಯ ಸಂಗತಿಗಳನ್ನೂ ಅವು ಯಾಕೆ ನಡೆದವು ಎಂಬುದನ್ನೂ ಬರೆಯುವುದು. ಪತ್ರ ಓದಿ ಬಂದವರಿಗೆ ಮೊದಲು ಬಂದ ಸಂತೋಷ ದೊಡ್ಡದು. ಒಂದು ತಿಂಗಳು ನಿಂತಿತು, ಆಮೇಲೆ ಇಳಿಯಿತು. ಮೂರು ಸಂಗತಿ ಬರೆದವರ ಗಳಿಕೆ ನಿಧಾನ. ಆದರೆ ಆರು ತಿಂಗಳ ನಂತರವೂ ಕಾಣುತ್ತಿತ್ತು. ವಾರ ಮುಗಿದ ಮೇಲೂ ತಾವಾಗಿಯೇ ಬರೆಯುತ್ತ ಹೋದವರಲ್ಲಿ ಅದು ಇನ್ನೂ ಚೆನ್ನಾಗಿ ಉಳಿದಿತ್ತು. ಮಳೆಗೆ ಸಿಕ್ಕವನೂ ನೆನೆಯುತ್ತಾನೆ, ನೀರಿಗೆ ಹಾಕಿದ ಕಾಳೂ ನೆನೆಯುತ್ತದೆ. ಮೊಳಕೆ ಬರುವುದು ಕಾಳಿಗೆ.

ಇದು ಯಾಕೆ ಕೆಲಸ ಮಾಡುತ್ತದೆ? ಉದುರಿದ ಹಲ್ಲಿನ ಜಾಗಕ್ಕೇ ನಾಲಿಗೆ ಹೋಗುತ್ತದೆ, ಉಳಿದ ಮೂವತ್ತೊಂದು ಹಲ್ಲುಗಳ ನೆನಪು ಅದಕ್ಕಿರುವುದಿಲ್ಲ. ಕೆಟ್ಟದ್ದು ಒಳ್ಳೆಯದಕ್ಕಿಂತ ಬಲವಾಗಿ ಅಂಟಿಕೊಳ್ಳುತ್ತದೆ ಎಂಬುದು ಮನಸ್ಸಿನ ಮೊದಲ ಸ್ವಭಾವ. ಕಾಡಿನಲ್ಲಿ ಬದುಕಿದ ನಮ್ಮ ಪೂರ್ವಿಕರಿಗೆ ಅದು ಬೇಕಿತ್ತು. ಎರಡನೆಯ ಸ್ವಭಾವ, ಯಾವ ಒಳ್ಳೆಯದಕ್ಕೂ ಬೇಗ ಒಗ್ಗಿಹೋಗುವುದು. ಬೆಂಗಳೂರಿನ ನಲ್ಲಿಯನ್ನೇ ನೋಡಿ. ಅದರಲ್ಲಿ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಬಲದಿಂದ ಹತ್ತಿ ಬರುತ್ತದೆ. ರಾತ್ರಿಯೆಲ್ಲ ಯಾರೋ ಎದ್ದು ಆ ಪಂಪುಗಳನ್ನು ಕಾಯುತ್ತಾರೆ. 1974ರಲ್ಲಿ ಆ ನೀರು ಮೊದಲು ಬಂದಾಗ ಅದು ಸುದ್ದಿ. ಇವತ್ತು ಸುದ್ದಿಯಾಗುವುದು ಅದು ಬರದ ದಿನ. ‘ಇದು ಯಾಕೆ ಸಿಕ್ಕಿತು, ಯಾರಿಂದ ಸಿಕ್ಕಿತು’ ಎಂದು ಬರೆಯುವವನು ಈ ಎರಡೂ ಸ್ವಭಾವಗಳ ವಿರುದ್ಧ ನಾಲ್ಕು ಮಾರು ಈಜುತ್ತಾನೆ, ಅಷ್ಟೆ.

ಇದೇ ತರ್ಕವನ್ನು ಇನ್ನೊಂದು ಪ್ರಯೋಗ ತಿರುಗಿಸಿ ನೋಡಿತು. 2008ರಲ್ಲಿ ಮಿಂಕ್ಯುಂಗ್ ಕೂ ಮತ್ತು ಸಂಗಡಿಗರು ಕೆಲವರಿಗೆ “ನಿಮ್ಮ ಸಂಗಾತಿಯನ್ನು ಹೇಗೆ ಭೇಟಿಯಾದಿರಿ, ಬರೆಯಿರಿ” ಎಂದರು. ಉಳಿದವರಿಗೆ “ಅವರನ್ನು ಭೇಟಿಯೇ ಆಗದೆ ಹೋಗುವ ಸಾಧ್ಯತೆ ಹೇಗಿತ್ತು, ಬರೆಯಿರಿ” ಎಂದರು. ದಾಂಪತ್ಯದ ಬಗ್ಗೆ ಹೆಚ್ಚು ತೃಪ್ತಿ ಕಂಡದ್ದು ಎರಡನೆಯವರಲ್ಲಿ. ಮದುವೆಯ ಕಥೆಯನ್ನು ನೂರು ಸಲ ಹೇಳಿ ಸವೆಸಿರುತ್ತೇವೆ. ‘ಅಂದು ಆ ಬಸ್ಸು ತಪ್ಪದಿದ್ದರೆ’ ಎಂದು ಒಮ್ಮೆ ಯೋಚಿಸಿದರೆ ಎದುರಿಗೆ ಕೂತವರು ಹೊಸಬರಾಗಿ ಕಾಣುತ್ತಾರೆ.

ಇನ್ನೊಂದು ಫಲಿತಾಂಶ ನನಗೆ ಬಹಳ ಇಷ್ಟ. ಸೋನ್ಯಾ ಲ್ಯೂಬೊಮಿರ್ಸ್ಕಿ ಅವರ ತಂಡ ಆರು ವಾರ ಕೆಲವರಿಗೆ ವಾರಕ್ಕೊಮ್ಮೆ, ಕೆಲವರಿಗೆ ವಾರಕ್ಕೆ ಮೂರು ಸಲ ಇಂಥ ಪಟ್ಟಿ ಮಾಡಿಸಿತು. ಸಂತೋಷ ಹೆಚ್ಚಿದ್ದು ವಾರಕ್ಕೊಮ್ಮೆ ಮಾಡಿದವರಲ್ಲಿ. ಮೂರು ಸಲ ಮಾಡಿದವರಿಗೆ ಅದು ಬಹುಶಃ ಹೋಮ್‌ವರ್ಕ್ ಆಗಿಬಿಟ್ಟಿತ್ತು. ನಮ್ಮ ಹಬ್ಬಗಳು ಈ ಗುಟ್ಟನ್ನು ಬಲ್ಲವು. ಗುದ್ದಲಿ, ಹೊಲಿಗೆ ಯಂತ್ರ, ಆಟೋಗಳಿಗೆ ಆಯುಧಪೂಜೆ ವರ್ಷಕ್ಕೊಮ್ಮೆ. ಮಲೆನಾಡಿನಲ್ಲಿ ಭತ್ತ ಹೊಡೆ ತುಂಬಿ ನಿಂತಾಗ ಭೂಮಿ ಹುಣ್ಣಿಮೆ: ಬಸುರಿಗೆ ಬಯಕೆಯ ಊಟ ಬಡಿಸಿದ ಹಾಗೆ ಚಿತ್ತಾರದ ಬುಟ್ಟಿಯಲ್ಲಿ ಅಡುಗೆ ಒಯ್ದು ಗದ್ದೆಗೆ ಉಣಿಸುತ್ತಾರೆ. ಬಯಲುಸೀಮೆಯ ಉತ್ತರದಲ್ಲಿ ಎಳ್ಳಮಾವಾಸ್ಯೆಯ ದಿನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜೆ ರೊಟ್ಟಿ, ಹೋಳಿಗೆಗಳ ಚರಗ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ. ದಿನಾ ಕುಂಕುಮ ಹಚ್ಚಿದರೆ ಗುದ್ದಲಿ ಕೆಂಪಾದೀತು, ಮನಸ್ಸಿಗೆ ಏನೂ ತಾಕುವುದಿಲ್ಲ. ಆತಕೂರಿನ ಗೊರವನ ವಿಷಯದಲ್ಲಿ ದಿನಾ ಮಾಡಬೇಕು ಎಂದು ಬರೆಸಿದವರು ಜೊತೆಗೆ ಪಾಪದ ಹೆದರಿಕೆಯನ್ನೂ ಬರೆಸಬೇಕಾಗಿ ಬಂದದ್ದು ಬಹುಶಃ ಇದಕ್ಕೇ.

4. “ನಿನಗೇನು ಕಡಿಮೆ?”

ಇಷ್ಟು ಹೇಳಿ ಕೆಳಗಿಳಿದರೆ ನಾನೂ ಸೂರ್ಯೋದಯದ ಚಿತ್ರ ಕಳಿಸಿದವನಂತೆಯೇ ಆಗುತ್ತೇನೆ. ಲೆಕ್ಕದ ಇನ್ನೊಂದು ಪುಟವನ್ನೂ ತೆರೆಯಬೇಕು.

2021ರಲ್ಲಿ ಕ್ರೆಗ್ ಮತ್ತು ಚೀವನ್ಸ್ ಎಂಬ ಸಂಶೋಧಕರು, ಖಿನ್ನತೆ ಮತ್ತು ಆತಂಕದ ಲಕ್ಷಣಗಳ ಮೇಲೆ ಕೃತಜ್ಞತೆಯ ಅಭ್ಯಾಸಗಳು ಏನು ಮಾಡುತ್ತವೆ ಎಂದು ಅಲ್ಲಿಯವರೆಗಿನ 27 ಅಧ್ಯಯನಗಳನ್ನು, 3,675 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಪರಿಣಾಮ ಇದೆ, ಆದರೆ ಸಣ್ಣದು. ಅಭ್ಯಾಸ ಮಾಡಿದವರನ್ನು ಏನೂ ಮಾಡದವರ ಜೊತೆ ಹೋಲಿಸಿದಾಗ ಅದು ತುಸು ದೊಡ್ಡದಾಗಿ ಕಾಣುತ್ತದೆ. ಬೇರೇನಾದರೂ ಬರವಣಿಗೆ ಮಾಡಿದವರ ಜೊತೆ ಹೋಲಿಸಿದರೆ ಕುಗ್ಗುತ್ತದೆ. ಖಿನ್ನತೆಗೆ ಪರಿಹಾರ ಹುಡುಕುವವರು ಇದಕ್ಕಿಂತ ಬಲವಾದ ಚಿಕಿತ್ಸೆಗಳನ್ನು ಪಡೆಯಲಿ ಎಂಬುದು ಅವರ ತೀರ್ಮಾನ. ನಮ್ಮ ದೇಶದಲ್ಲಿ ಈ ಮಾತಿಗೆ ಹೆಚ್ಚು ತೂಕವಿದೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಜನ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಲ್ಲಿದ್ದರು. ಬಹುಪಾಲು ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಚಿಕಿತ್ಸೆ ಸಿಗದವನ ಕೈಗೆ ನೋಟ್‌ಪುಸ್ತಕ ಕೊಟ್ಟು “ಒಳ್ಳೆಯದನ್ನು ಬರಿ” ಎಂದರೆ ಅದು ಕರುಣೆಯಾಗುವುದಿಲ್ಲ.

ಈ ಮಾತನ್ನು ನಾನು ಪುಸ್ತಕದಿಂದಷ್ಟೇ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ನನಗೆ ಎದೆ ತೆರೆದು ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದೆ. ಗಾಯ ಮಾಯುತ್ತಿತ್ತು, ಮನಸ್ಸು ಮಾಯಲಿಲ್ಲ. ನಸುಕಿನ ಮೂರಕ್ಕೆ ಎಚ್ಚರ, ಊಟ ಬೇಡ, ಪೇಪರ್ ಬೇಡ, ಮೊಮ್ಮಗಳ ಮಾತೂ ಬೇಡ. ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಪುನರ್ಜನ್ಮ ಬಂತಲ್ಲ ಮೇಷ್ಟ್ರೇ, ದೇವರಿಗೆ ಕೈಮುಗೀರಿ. ಹೆಂಡತಿ ಇದ್ದಾರೆ, ಮಗ ಇದ್ದಾನೆ, ಪೆನ್ಶನ್ ಬರುತ್ತೆ. ನಿಮಗೇನು ಕಡಿಮೆ?” ಅವರದು ಪ್ರೀತಿಯೇ. ಆದರೆ ಆ ‘ನಿಮಗೇನು ಕಡಿಮೆ’ ನನ್ನ ದುಃಖದ ಮೇಲೆ ತಪ್ಪಿತಸ್ಥ ಭಾವವನ್ನೂ ಹೊರಿಸಿತು. ಕಡಿಮೆ ಏನೂ ಇಲ್ಲದೆ ಹೀಗಿದ್ದೇನಲ್ಲ, ನಾನೆಂಥ ಕೃತಘ್ನ ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ಬೇರೆಯವರಿಗೆ ಮನೋವಿಜ್ಞಾನ ಹೇಳಿಕೊಟ್ಟವನಿಗೆ ತನ್ನದು ಕಾಯಿಲೆ ಎಂದು ಹೊಳೆಯಲಿಲ್ಲ, ಹೊಳೆದದ್ದು ಹೆಂಡತಿಗೆ. ಅವಳು ಮನೋವೈದ್ಯರ ಬಳಿ ಕರೆದುಕೊಂಡು ಹೋದಳು. ಇಂಥ ಶಸ್ತ್ರಚಿಕಿತ್ಸೆಯ ನಂತರ ಖಿನ್ನತೆ ಬರುವುದು ಹೊಸದಲ್ಲ ಎಂದು ಅವರು ಹೇಳಿ, ಮಾತ್ರೆ ಕೊಟ್ಟು, ವಾರವಾರ ಮಾತಾಡಿಸಿದರು.

ಮೂರು ತಿಂಗಳಾಗಿತ್ತು. ಒಂದು ದಿನ ಕೆಮ್ಮು ಬಂತು. ಅಭ್ಯಾಸಬಲದಿಂದ ದಿಂಬನ್ನು ಎದೆಗೆ ಒತ್ತಿಕೊಂಡೆ. ಆಗ ಆಸ್ಪತ್ರೆಯ ರಾತ್ರಿ ಪಾಳಿಯ ಹುಡುಗ ನೆನಪಾದ. ಹೊಲಿಗೆ ಹಸಿಯಾಗಿದ್ದ ಆ ರಾತ್ರಿ ಕೆಮ್ಮು ತಡೆದು ತಡೆದು ನಾನು ಬೆವರುತ್ತಿದ್ದಾಗ ಅವನು ಬಂದು ದಿಂಬು ಕೊಟ್ಟು, “ಇದನ್ನ ತಬ್ಕೊಂಡು ಕೆಮ್ಮಿ ಸಾರ್, ಎದೆ ಬಿರಿಯಲ್ಲ, ನಾನಿದೀನಿ” ಎಂದು ಬೆನ್ನ ಮೇಲೆ ಕೈ ಇಟ್ಟು ನಿಂತಿದ್ದ. ಅವತ್ತು ಅವನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ. ಮೂರು ತಿಂಗಳಾದ ಮೇಲೆ, ನಮ್ಮ ಮನೆಯ ಮಂಚದ ಮೇಲೆ ಕೂತು ದಿಂಬು ಹಿಡಿದುಕೊಂಡು ಅತ್ತುಬಿಟ್ಟೆ. ಅದು ದುಃಖದ ಅಳುವಾಗಿರಲಿಲ್ಲ.

ಈ ಎರಡು ಘಟನೆಗಳ ನಡುವಿನ ದೂರವೇ ನನ್ನ ಉಪನ್ಯಾಸ. ಹೊರಗಿನವರು ಕೃತಜ್ಞನಾಗಿರು ಎಂದಾಗ ಅದು ನನ್ನನ್ನು ಇನ್ನಷ್ಟು ತುಳಿಯಿತು. ಚಿಕಿತ್ಸೆಯಿಂದ ಮನಸ್ಸಿನ ನೆಲ ಸ್ವಲ್ಪ ಹದವಾದ ಮೇಲೆ, ತಾನಾಗಿ ಬಂದ ಒಂದು ಖಚಿತ ನೆನಪು ನನ್ನನ್ನು ಎತ್ತಿತು. ಮೊದಲು ಮದ್ದು, ಆಮೇಲೆ ನೆನಹು. ಖಿನ್ನತೆಯಲ್ಲಿರುವವರಿಗೆ ದಯವಿಟ್ಟು “ನಿನಗೇನು ಕಡಿಮೆ” ಎಂದು ಕೇಳಬೇಡಿ. “ಡಾಕ್ಟರ ಹತ್ತಿರ ಹೋಗೋಣವಾ, ನಾನೂ ಬರ್ತೀನಿ” ಅನ್ನಿ. ಅದಕ್ಕೂ ದಾರಿ ತಿಳಿಯದಿದ್ದರೆ ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

5. ಜೋಳವಾಳಿ

ಹೇರಿದ ಕೃತಜ್ಞತೆ ಒಬ್ಬ ರೋಗಿಯನ್ನು ತುಳಿದರೆ, ಅದೇ ಸಮಾಜದ ಕಟ್ಟಳೆಯಾದಾಗ ಪೀಳಿಗೆಗಳನ್ನೇ ತುಳಿಯುತ್ತದೆ.

ಆತಕೂರಿನ ಕಲ್ಲು ನಿಂತದ್ದಕ್ಕೆ ಕೆಲವೇ ವರ್ಷ ಮೊದಲು, ಅದೇ ರಾಷ್ಟ್ರಕೂಟರ ಕಾಲದಲ್ಲಿ, ಪಂಪ ವಿಕ್ರಮಾರ್ಜುನ ವಿಜಯ ಬರೆದ. ಅದರ ಕರ್ಣ ಕನ್ನಡಿಗರ ಕಣ್ಣಿನಲ್ಲಿ ಇನ್ನೂ ನಿಂತಿದ್ದಾನೆ. ತಾನು ಪಾಂಡವರ ಅಣ್ಣ ಎಂದು ಗೊತ್ತಾದ ಮೇಲೂ ಅವನು ದುರ್ಯೋಧನನನ್ನು ಬಿಡುವುದಿಲ್ಲ. ಉಂಡ ಜೋಳಕ್ಕೆ ಪ್ರಾಣ ಒತ್ತೆಯಿಡುವ ಜೋಳವಾಳಿಯ ಕಾಲ ಅದು. ಸೂತನೆಂದು ಸಭೆ ಹೀಯಾಳಿಸಿದಾಗ ಪಕ್ಕಕ್ಕೆ ಬಂದು ನಿಂತವನು ದುರ್ಯೋಧನನೊಬ್ಬನೇ. ಆ ನೆನಪಿನಲ್ಲಿ ಕರ್ಣ ದೊಡ್ಡವನು. ಆದರೆ ಅದೇ ನೆನಪು ಜೋಳವಾಳಿಯಾಗಿ ಗಟ್ಟಿಯಾದಾಗ, ತಪ್ಪೆಂದು ಗೊತ್ತಿರುವ ಪಕ್ಷದಲ್ಲಿ ಅವನು ಕಟ್ಟುಬಿದ್ದು ಸಾಯುತ್ತಾನೆ. ನೆನಹು ಎಲ್ಲಿ ಮುಗಿದು ಹಂಗು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದೆ ಓದುಗ ಕಣ್ಣು ತುಂಬಿಕೊಳ್ಳುತ್ತಾನೆ.

ಕಾವ್ಯದಲ್ಲಿ ಇದು ದುರಂತ. ಹೊಲದಲ್ಲಿ ಇದು ಜೀತ. “ನಿಮ್ಮಪ್ಪನಿಗೆ ಕಷ್ಟಕ್ಕೆ ಕೊಟ್ಟೆ” ಎಂಬ ಒಂದು ಮಾತಿನ ಮೇಲೆ ಮಗ, ಮೊಮ್ಮಗ ದುಡಿದರು. ಅನ್ನ ಹಾಕಿದ ಧಣಿಗೆ ಎದುರಾಡಬಾರದು ಎಂಬ ನೀತಿಯನ್ನು ಅವರಿಗೆ ಕೃತಜ್ಞತೆಯ ಹೆಸರಿನಲ್ಲೇ ಕಲಿಸಿದ್ದು. ಆ ‘ಋಣ’ವನ್ನು ಕಾನೂನಿನಿಂದ ಅಳಿಸಿ ಹಾಕಲು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬರಬೇಕಾಯಿತು. ಸೊಸೆಯಾದವಳು ‘ಇಂಥ ಮನೆ ಸಿಕ್ಕಿದ್ದು ನಿನ್ನ ಪುಣ್ಯ’ ಎಂದು ಕೇಳಿಸಿಕೊಂಡೇ ಮುದುಕಿಯಾದದ್ದೂ ಈ ಜಾತಿಯದೇ. ಕೃತಜ್ಞತೆಯನ್ನು ಕೇಳಿ ಪಡೆಯುವಂತಿಲ್ಲ. ಕೇಳಿದ ಗಳಿಗೆಯಲ್ಲಿ ಅದು ಸುಂಕವಾಗುತ್ತದೆ.

ಕೊಡಬೇಕಾದವರು ಬರೀ ಕೈಮುಗಿದು ಜಾರಿಕೊಳ್ಳುವುದು ಇದರ ಇನ್ನೊಂದು ಮುಖ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 22ರ ಸಂಜೆ ಐದಕ್ಕೆ ನಾವೆಲ್ಲ ಬಾಗಿಲಲ್ಲಿ ನಿಂತು ಆರೋಗ್ಯ ಕಾರ್ಯಕರ್ತರಿಗಾಗಿ ಚಪ್ಪಾಳೆ ತಟ್ಟಿದೆವು, ತಟ್ಟೆ ಬಡಿದೆವು. ನಾನೂ ಬಡಿದೆ, ನಿಜವಾಗಿಯೂ ಗಂಟಲು ಕಟ್ಟಿತ್ತು. ಅದೇ ವರ್ಷ ಜುಲೈಯಲ್ಲಿ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಮುಷ್ಕರ ಹೂಡಬೇಕಾಯಿತು. ಹತ್ತನೆಯ ಶತಮಾನದ ಮಣಲೆರ ನಾಯಿಗೆ ಕಲ್ಲನ್ನೂ ನಿಲ್ಲಿಸಿದ, ಹೊಲವನ್ನೂ ಬಿಟ್ಟ. ಕೂಲಿ ಕೊಡದೆ ಹಾರ ಹಾಕುವುದನ್ನು ಕೃತಜ್ಞತೆ ಎಂದು ಕರೆಯಲು ಆ ಕಲ್ಲು ನಮಗೆ ಬಿಡುವುದಿಲ್ಲ.

6. ನೆನೆಸಿಡುವ ರೂಢಿ

ಹಾಗಾದರೆ ಏನು ಮಾಡಬೇಕು? ಮಾಡಬೇಕಾದ್ದು ಸಣ್ಣದು, ಮಾಡುವ ಬಗೆ ಮುಖ್ಯ.

ವಾರಕ್ಕೊಂದು ದಿನ ಸಾಕು. ಭಾನುವಾರ ರಾತ್ರಿಯೋ, ಸಂತೆಯ ದಿನವೋ, ನಿಮಗೆ ಒಗ್ಗುವ ಹೊತ್ತು. ‘ಆರೋಗ್ಯ, ಕುಟುಂಬ, ದೇವರು’ ಎಂದು ಪಟ್ಟಿ ಮಾಡಬೇಡಿ. ಅದು ಅರ್ಜಿಯ ನಮೂನೆ ತುಂಬಿದ ಹಾಗೆ. ಒಬ್ಬರನ್ನು ಆರಿಸಿ. ಅವರು ಮಾಡಿದ ಒಂದೇ ಒಂದು ಕೆಲಸ ಬರೆಯಿರಿ. ಅದನ್ನು ಮಾಡುವುದು ಅವರಿಗೆ ಕಡ್ಡಾಯವಿತ್ತೇ? ಅವರಿಗೆ ಅದರಿಂದ ಏನು ಖರ್ಚಾಯಿತು, ನಿದ್ದೆಯೋ ಹೊತ್ತೋ ಹಣವೋ? ಅವರು ಮಾಡದೆ ಹೋಗಿದ್ದರೆ? ಈ ಮೂರು ಪ್ರಶ್ನೆಗೆ ಉತ್ತರ ಬರೆಯುವಷ್ಟರಲ್ಲಿ ಕಾಳು ನೆನೆದಿರುತ್ತದೆ. ಏನೂ ಹೊಳೆಯದ ವಾರ ಬಿಟ್ಟುಬಿಡಿ. ಅದಕ್ಕೆ ಪಾಪ ತಟ್ಟುವುದಿಲ್ಲ. ಸಿಟ್ಟು ಬಂದ ವಾರ ಸಿಟ್ಟನ್ನೇ ಬರೆಯಿರಿ. ಅನ್ಯಾಯಕ್ಕೆ ಸಿಟ್ಟಾಗುವುದು ಕೃತಘ್ನತೆಯಲ್ಲ.

ಮನೆಯಲ್ಲಿ ಮಕ್ಕಳಿಗೆ “ಥ್ಯಾಂಕ್ಸ್ ಹೇಳು” ಎಂದು ತಲೆ ತಿವಿಯುವುದಕ್ಕಿಂತ, ತಟ್ಟೆಯ ಮುಂದೆ ಕೂತಾಗ “ಈ ಅವರೆಕಾಳು ಯಾರು ಬಿಡಿಸಿದ್ದು ಗೊತ್ತಾ?” ಎಂದು ಕೇಳಿ. ಗೊತ್ತಾಗುವುದೇ ಕೃತಜ್ಞತೆ, ಪದದಲ್ಲೇ ಅದು ಇದೆ ಎಂದು ಮೊದಲೇ ಹೇಳಿದೆನಲ್ಲ. ಡಿ.ವಿ.ಜಿ. ತಾವು ಕಂಡವರನ್ನು ನೆನೆದು ‘ಜ್ಞಾಪಕ ಚಿತ್ರಶಾಲೆ’ ಎಂದು ಎಂಟು ಸಂಪುಟ ಬರೆದರು. ಅದರಲ್ಲಿ ದಿವಾನರಿದ್ದಾರೆ, ಸಂಗೀತಗಾರರಿದ್ದಾರೆ, ಹೆಸರು ಕೇಳಿರದ ಸಾಮಾನ್ಯರೂ ಇದ್ದಾರೆ. ನಮಗೆ ಎಂಟು ಸಂಪುಟ ಬೇಡ, ಎಂಟು ಸಾಲು ಸಾಕು.

ಬರೆದದ್ದನ್ನು ಸಾಧ್ಯವಾದರೆ ತಲುಪಿಸಿ. ನಮಗೆ ಸಂಕೋಚ: ಇಷ್ಟು ವರ್ಷದ ಮೇಲೆ ಬರೆದರೆ ಅವರು ಏನಂದುಕೊಂಡಾರು? ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಇದನ್ನೇ ಅಳೆದು ನೋಡಿದರು. ಕೃತಜ್ಞತೆಯ ಪತ್ರ ಬರೆದವರು, ಓದುವವರಿಗೆ ಮುಜುಗರವಾದೀತು ಎಂದು ಅತಿಯಾಗಿ ಅಂದಾಜು ಮಾಡಿದ್ದರು. ಓದುವವರಿಗೆ ಆಗುವ ಬೆರಗನ್ನೂ ಸಂತೋಷವನ್ನೂ ಕಡಿಮೆ ಅಂದಾಜು ಮಾಡಿದ್ದರು. ಭಾಷೆ ಚೆನ್ನಾಗಿದೆಯೋ ಇಲ್ಲವೋ ಎಂದು ಬರೆದವರು ಚಿಂತಿಸುತ್ತಿದ್ದರು. ಪಡೆದವರು ಗಮನಿಸಿದ್ದು ಅದರ ಬಿಸುಪನ್ನು.

ನನ್ನ ಆ ರಾತ್ರಿ ಪಾಳಿಯ ಹುಡುಗನನ್ನು ಹುಡುಕಿಕೊಂಡು ಆರು ತಿಂಗಳ ನಂತರ ಆಸ್ಪತ್ರೆಗೆ ಹೋಗಿದ್ದೆ. ಗುತ್ತಿಗೆಯವನಂತೆ, ಕೆಲಸ ಬಿಟ್ಟು ಹೋಗಿದ್ದ. ಹೆಸರನ್ನೂ ಯಾರೂ ಸರಿಯಾಗಿ ಹೇಳಲಿಲ್ಲ. ಅವನಿಗೆಂದು ಬರೆದ ಕಾಗದ ಇನ್ನೂ ನನ್ನ ಡೈರಿಯಲ್ಲಿದೆ. ಎಲ್ಲಿದ್ದಾನೋ, ಅವನ ಹೊಟ್ಟೆ ತಣ್ಣಗಿರಲಿ.

ಓದಲು ಬಾರದ ಒಬ್ಬ ತಾಯಿಯ ಹೆಸರಿನಲ್ಲಿ ಇಷ್ಟು ಹೊತ್ತು ನನ್ನ ಮಾತು ಕೇಳಿದಿರಿ. ಮನೆಗೆ ಹೋಗುವಾಗ ಒಂದು ಕೆಲಸ ಮಾಡಿ. ಒಂದು ಅಂಚೆ ಕಾರ್ಡು ಕೊಂಡು ಬರೆಯಿರಿ. ನಿಮ್ಮನ್ನು ಓದಿಸಿದವರೋ, ದಾರಿ ತೋರಿಸಿದವರೋ, ಒಂದು ರಾತ್ರಿ ಬೆನ್ನ ಮೇಲೆ ಕೈ ಇಟ್ಟು ನಿಂತವರೋ, ಒಬ್ಬರ ವಿಳಾಸವಾದರೂ ನಿಮ್ಮಲ್ಲಿ ಇದ್ದೇ ಇರುತ್ತದೆ. ನನ್ನಲ್ಲಿರಲಿಲ್ಲ. ನೀವು ತಡ ಮಾಡಬೇಡಿ.